ಸಿಪಿಯುಗೆ ಹಾಕಿದ ಬೈಂಡು

"ಹೋಯ್ತು!" ಎಂದು ಕ್ಲಾಸಿಗೇ ಎತ್ತರದ ಹುಡುಗ ಉದ್ದಣ್ಣ ಸ್ಟೂಲಿನಿಂದ ಎದ್ದೇಬಿಟ್ಟ.

ಪರದೆ ಕಪ್ಪಾಗಿತ್ತು. ಒಂದು ಕ್ಷಣದ ಹಿಂದೆ ಅಲ್ಲಿ ಇರುವೆಗಳ ಬಗ್ಗೆ ಹದಿನೇಳು ಸಾಲು ಇದ್ದವು. ಈಗ ಇರುವೆಯೂ ಇಲ್ಲ, ಸಾಲೂ ಇಲ್ಲ.

ಮೇಜಿನ ಮೇಲಿದ್ದ ಸಿಪಿಯು ಡಬ್ಬ 'ಟಕ್' ಎಂದಿತು. ಒಳಗೆ ಏನೋ ಗೊರ್ರೆಂದು ತಿರುಗಿತು. ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಓಡಿದವು. ಯಾರೂ ಗುಂಡಿ ಒತ್ತದಿದ್ದರೂ ಕಂಪ್ಯೂಟರು ತಾನೇ ಮತ್ತೆ ಶುರುವಾಗುತ್ತಿತ್ತು, ಏನೂ ಆಗಿಯೇ ಇಲ್ಲವೆನ್ನುವ ಹಾಗೆ.

"ಇದು ಮೂರನೇ ಸಲ," ಎಂದಳು ಕನ್ನಡಕ. ಅವಳಿಗೆ ಬೇರೆ ಹೆಸರಿತ್ತು. ಆದರೆ ಐದನೇ ಕ್ಲಾಸಿನಲ್ಲಿ ಕನ್ನಡಕ ಹಾಕುವವಳು ಅವಳೊಬ್ಬಳೇ. "ಸೇವ್ ಮಾಡಿದ್ಯಾ?"

"ಈ ಸಾಲು ಮುಗಿಸಿ ಮಾಡೋಣ ಅಂತಿದ್ದೆ," ಎಂದಳು ಜೀರು. ಅವಳ ಕಿವಿ ಬಿಸಿಯಾಯಿತು.

ಮಾತು ಕಲಿತ ದಿನದಿಂದ ಅವಳು ಬಾಯಿ ಮುಚ್ಚಿದ್ದೇ ಇಲ್ಲವಂತೆ. ಅದಕ್ಕೇ ಅಜ್ಜಿ ಅವಳನ್ನು ಜೀರುಂಡೆ ಎಂದು ಕರೆದಳು. ಸ್ಕೂಲು ಮುಟ್ಟುವಷ್ಟರಲ್ಲಿ ಆ ಹೆಸರು ಸವೆದು ಜೀರು ಆಗಿತ್ತು.

"ನಿಮ್ಮ ಕಂಪ್ಯೂಟರಿಗೆ ಬಿಕ್ಕಳಿಕೆ ಕಣೇ," ಎಂದ ಉದ್ದಣ್ಣ. "ಒಂದು ಲೋಟ ನೀರು ಕುಡಿಸು!"

ಮಂಚದ ಮೇಲಿದ್ದ ಅಜ್ಜಿ ಸುಮ್ಮನಿರಲಿಲ್ಲ. "ಅದಕ್ಕೂ ಮಧ್ಯೆ ಮಧ್ಯೆ ಒಂದು ಕೋಳಿನಿದ್ದೆ ಬೇಕೇನೋ. ಬಿಡ್ರೋ, ಪಾಪ."

ಕನ್ನಡಕ ನಗಲಿಲ್ಲ. ಬರೆದುಕೊಂಡು ಬಂದಿದ್ದ ಹಾಳೆಗಳನ್ನು ಚೀಲಕ್ಕೆ ತುರುಕಿದಳು. "ಈ ಇರುವೆ ಪ್ರಾಜೆಕ್ಟನ್ನ ಮುಂದಿನ ಸೋಮವಾರ ಟೀಚರಿಗೆ ಕೊಡಲೇಬೇಕು. ನೀನೇ ಹೇಳಿದ್ದು, ನಮ್ಮನೇಲಿ ಕಂಪ್ಯೂಟರಿದೆ, ಟೈಪ್ ಮಾಡಿ ಕೊಡೋಣ ಅಂತ. ಬೇರೆ ಗುಂಪಿನವರೆಲ್ಲ ಕೈಯಲ್ಲಿ ಬರೆದು ಮುಗಿಸಿಬಿಟ್ರು."

"ಅದೂ ಅಲ್ಲದೆ," ಉದ್ದಣ್ಣ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ತಿರುಗಿದ, "ಹೊಸಾದರ ಥರಾನೇ ಇದೆ ಅಂದಿದ್ದೆ ತಾನೇ? ನಿಮ್ಮಮ್ಮ ಕಂಪ್ಯೂಟರ್ ಆಫೀಸಲ್ಲಿ ಕೆಲಸ ಮಾಡ್ತಾರೆ ಅಂದೆ. ಅವರನ್ನೇ ಕೇಳು, ರಿಪೇರಿ ಮಾಡಿಕೊಡ್ತಾರೆ."

ಜೀರುಂಡೆ ಸದ್ದು ನಿಲ್ಲಿಸಿದ್ದನ್ನು ಅಜ್ಜಿ ಗಮನಿಸಿದಳು.

ಉದ್ದಣ್ಣ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಮ್ಮ ಕೆಲಸ ಮಾಡುವುದು ಮೂರು ಮಹಡಿಯ ಆಫೀಸಿನಲ್ಲಿ. ಪ್ರತಿ ಮಹಡಿಯಲ್ಲೂ ಕಂಪ್ಯೂಟರುಗಳು. ಅಮ್ಮ ಅವುಗಳ ಮುಂದೆ ಕೂರುವುದಿಲ್ಲ, ಅಷ್ಟೆ. ಅವುಗಳ ಧೂಳು ಒರೆಸುತ್ತಾಳೆ, ಅವುಗಳ ಕೆಳಗಿನ ನೆಲ ಗುಡಿಸುತ್ತಾಳೆ, ಕಸದ ಬುಟ್ಟಿ ಖಾಲಿ ಮಾಡುತ್ತಾಳೆ, ಕಕ್ಕಸು ತೊಳೆಯುತ್ತಾಳೆ. ಇದನ್ನು ಜೀರು ಹೇಳಿರಲಿಲ್ಲ.

ಆ ಕಂಪ್ಯೂಟರು ಮನೆಗೆ ಬಂದದ್ದೇ ಒಂದು ಜಗಳ ಮಾಡಿ.

ಆಫೀಸಿಗೆ ಹೊಸ ಕಂಪ್ಯೂಟರುಗಳು ಬಂದಿದ್ದವು. ಹಳೆಯ ಹನ್ನೊಂದನ್ನು ಮೂಲೆಗೆ ಸಾಲಾಗಿ ಇಟ್ಟು, ಯಾರೋ ಬ್ರಶ್ಶು ಹಿಡಿದು ಪ್ರತಿಯೊಂದರ ಒಂದು ಪಕ್ಕದ ಮೇಲೂ ಕೆಂಪು ಬಣ್ಣದಲ್ಲಿ ದಪ್ಪಗೆ 'ಗುಜರಿ' ಎಂದು ಬರೆದಿದ್ದರು. ಬರೆಯಲು ಐದು ನಿಮಿಷ ಹಿಡಿದಿರಬಹುದು. ಅಮ್ಮ ಅವುಗಳನ್ನು ಒಂಬತ್ತು ವರ್ಷ ಒರೆಸಿದ್ದಳು.

"ನನಗೊಂದು ಕೊಡಿ ಸಾರ್," ಎಂದು ಅಮ್ಮ ಮ್ಯಾನೇಜರನ್ನು ಕೇಳಿದಳು.

"ನಿನಗೆ ಕಂಪ್ಯೂಟರ್ ಯಾಕಮ್ಮಾ? ಮನೇಲೂ ಒರೆಸೋಕಾ?" ಎಂದರಂತೆ ಅವರು. ಸುತ್ತ ಇದ್ದವರು ನಕ್ಕರಂತೆ.

"ಒರೆಸೋದು ನನಗೆ ಸಾಕಾಗಿದೆ ಸಾರ್. ಇನ್ನು ನನ್ನ ಮಗಳು ಓದಲಿ," ಎಂದಳಂತೆ ಅಮ್ಮ. ನಗು ಅಲ್ಲಿಗೇ ನಿಂತಿತಂತೆ.

ಆಗ ಅಮ್ಮನ ಪರ ನಿಂತವರು ವೈರಣ್ಣ. ಆಫೀಸಿನ ಕಂಪ್ಯೂಟರುಗಳನ್ನು ರಿಪೇರಿ ಮಾಡುವ ಅವರ ಕೊರಳಲ್ಲಿ ಯಾವಾಗಲೂ ಒಂದಾದರೂ ವೈರು ನೇತಾಡುತ್ತಿತ್ತು. ಅವರೇ ಅರ್ಜಿ ಬರೆದರು, ಸಹಿ ಹಾಕಿಸಿದರು, ಡಬ್ಬವನ್ನು ಸಜ್ಜು ಮಾಡಿ ಕೊಟ್ಟರು. ಅಮ್ಮ ಅದನ್ನು ಕೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ಬಸ್ಸಿನಲ್ಲಿ ಬಂದಳು. ಕಂಡಕ್ಟರು, "ಮಗೂಗೆ ಟಿಕೆಟ್ ಬೇಡ್ವಾ ಅಮ್ಮಾ?" ಎಂದು ತಮಾಷೆ ಮಾಡಿದ್ದನ್ನು ಅಮ್ಮ ವಾರವೆಲ್ಲ ಹೇಳಿಕೊಂಡು ನಕ್ಕಳು.

ಹತ್ತು ದಿನ ಕಂಪ್ಯೂಟರು ಒಂದು ಸಲವೂ ತೊಂದರೆ ಕೊಡಲಿಲ್ಲ.

ಜೀರುವಿಗೆ ತೊಂದರೆ ಆದದ್ದು ಗೆಳೆಯರು ಬರುತ್ತಾರೆ ಎಂದು ಗೊತ್ತಾದ ಮೇಲೆ. ಅಲ್ಲಿಯವರೆಗೆ 'ಗುಜರಿ' ಎಂಬ ಮೂರು ಅಕ್ಷರ ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ. ಈಗ ಬಾಗಿಲಿಂದಲೇ ಕಾಣತೊಡಗಿದವು. ಶನಿವಾರ ಸೋಪು ಹಾಕಿ ಉಜ್ಜಿದಳು. ಸುತ್ತಲಿನ ಕೊಳೆ ಹೋಗಿ ಅಕ್ಷರಗಳು ಇನ್ನಷ್ಟು ಫಳಫಳ ಎಂದವು.

ಆಗ ಅವಳಿಗೊಂದು ಉಪಾಯ ಹೊಳೆಯಿತು. ಸ್ಕೂಲು ಶುರುವಾಗುವಾಗ ಪುಸ್ತಕಕ್ಕೆಲ್ಲ ಬೈಂಡ್ ಹಾಕುವುದಿಲ್ಲವೇ? ಕ್ಲಾಸಿನಲ್ಲಿ ಅವಳಷ್ಟು ನೀಟಾಗಿ ಬೈಂಡ್ ಹಾಕುವವರು ಬೇರೆ ಇರಲಿಲ್ಲ. ಉಳಿದಿದ್ದ ಎರಡು ದಪ್ಪ ಕಂದು ಹಾಳೆ ತಂದಳು. ಡಬ್ಬದ ಎರಡೂ ಪಕ್ಕ, ನೆತ್ತಿ, ಎಲ್ಲವನ್ನೂ ಸುತ್ತಿದಳು. ಹಿಂದೆ ವೈರುಗಳಿಗೆ ಮಾತ್ರ ಜಾಗ ಬಿಟ್ಟು ಅಂಚನ್ನು ಒಳಗೆ ಮಡಿಸಿ ಟೇಪು ಹಚ್ಚಿದಳು. 'ಜ' ಅಕ್ಷರದ ಕೆಳಗೆ ಜರಡಿಯಂಥ ಸಣ್ಣ ಸಣ್ಣ ತೂತುಗಳಿದ್ದವು. ಅವೂ ಹಾಳೆಯ ಅಡಿಗೆ ಹೋದವು. ಕೊನೆಗೆ ಒಂದು ಲೇಬಲ್ಲು ಅಂಟಿಸಿ, ವಿಷಯ ಎಂಬಲ್ಲಿ 'ಕಂಪ್ಯೂಟರ್' ಎಂದು ಬರೆದಳು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಭಾನುವಾರ ಬೆಳಿಗ್ಗೆ ಅಮ್ಮ ತನ್ನ ನೀಲಿ ಯೂನಿಫಾರ್ಮು ಒಗೆದು ಕಿಟಕಿಯ ಹಗ್ಗಕ್ಕೆ ಹಾಕಿದ್ದಳು. ಬೆನ್ನ ಮೇಲೆ ದೊಡ್ಡದಾಗಿ 'ಸ್ವಚ್ಛತಾ ಸಿಬ್ಬಂದಿ' ಎಂದು ಬರೆದಿತ್ತು. ಜೀರು ಮೊದಲು ಅಮ್ಮನನ್ನು ಮಾರ್ಕೆಟ್ಟಿಗೆ ಕಳಿಸಿದಳು. "ನೀನಿದ್ರೆ ಅವರು ಮಾತಾಡೋಕೆ ನಾಚಿಕೊಳ್ತಾರೆ ಅಮ್ಮಾ." ಆಮೇಲೆ ಒದ್ದೆ ಯೂನಿಫಾರ್ಮು ಎಳೆದು, ಉಂಡೆ ಮಾಡಿ, ಮಂಚದ ಕೆಳಗೆ ತಳ್ಳಿದಳು. ಅಜ್ಜಿ ಸ್ನಾನಕ್ಕೆ ಹೋಗಿದ್ದಳು. ಹೋಗಿದ್ದಳು ಎಂದು ಜೀರು ಅಂದುಕೊಂಡಿದ್ದಳು.

ಇಷ್ಟೆಲ್ಲ ಮಾಡಿದ ದಿನವೇ ಕಂಪ್ಯೂಟರು ಮೂರು ಸಲ ಮಾನ ಕಳೆದಿತ್ತು.

ಸೋಮವಾರ ಬೆಳಿಗ್ಗೆ ಅಮ್ಮ ಹಗ್ಗದ ಹತ್ತಿರ ನಿಂತು, "ನನ್ನ ಯೂನಿಫಾರ್ಮ್ ಎಲ್ಲಿ?" ಎಂದಳು.

ಮಂಚದ ಕೆಳಗೆ ಸಿಕ್ಕಿತು. ಇನ್ನೂ ಒದ್ದೆ. ಮುಗ್ಗಲು ವಾಸನೆ.

"ಗಾಳಿಗೆ ಹಾರಿ ಬಿದ್ದಿದೆ," ಎಂದಳು ಅಮ್ಮ.

"ಗಾಳಿಗೆ ಎಂಥಾ ಬುದ್ಧಿ ನೋಡು," ಎಂದಳು ಅಜ್ಜಿ. "ಉಂಡೆ ಬೇರೆ ಕಟ್ಟಿ ಇಟ್ಟಿದೆ."

ಜೀರು ಶೂ ಲೇಸನ್ನು ಎರಡನೇ ಸಲ ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಅಮ್ಮ ಹೊತ್ತಾಗುತ್ತದೆ ಎಂದು ಒದ್ದೆಯನ್ನೇ ತೊಟ್ಟು ಹೊರಟಳು. ಬೀದಿಯ ತಿರುವಿನವರೆಗೂ ಅಮ್ಮ ಬೆನ್ನಿಗೆ ಅಂಟಿದ ಬಟ್ಟೆಯನ್ನು ಬೆರಳಿನಿಂದ ಬಿಡಿಸಿಕೊಳ್ಳುತ್ತಾ ಹೋದದ್ದು ಕಾಣುತ್ತಿತ್ತು.

ಸಂಜೆ ಬಂದ ಅಮ್ಮ ಚಹಾ ಕುಡಿದು ಸೀದಾ ಕಂಪ್ಯೂಟರಿನ ಮುಂದೆ ಕುಳಿತಳು.

"ವೈರಣ್ಣ ಸುಮ್ಮಸುಮ್ಮನೆ ಬಿಚ್ಚೋದಿಲ್ಲ ಕಣೇ. ನಾನು ನೆಲ ಒರೆಸ್ತಾ ನೋಡಿದೀನಿ. ಮೊದಲು ಒಂದು ಪ್ರಶ್ನೆ ಕೇಳ್ತಾರೆ. ಯಾವತ್ತಿಂದ ಹೀಗೆ ಆಗ್ತಿದೆ? ಅದಕ್ಕೆ ಮುಂಚೆ ಏನು ಬದಲಾಯ್ತು? ಹೇಳು, ಏನಾದರೂ ಬದಲಾಯ್ತಾ?"

"ಇಲ್ಲ," ಎಂದಳು ಜೀರು. "ಏನೂ ಇಲ್ಲ."

ಆಗ ಅವಳಿಗೆ ನಿಜವಾಗಿಯೂ ಅದು ಸುಳ್ಳು ಎನಿಸಿರಲಿಲ್ಲ. ಹಾಳೆ ಸುತ್ತಿದ್ದು ಹೊರಗಡೆ. ಕೆಟ್ಟಿರುವುದು ಒಳಗಡೆ.

ಅಮ್ಮ ಬೈಂಡನ್ನು ಮೆಲ್ಲಗೆ ಸವರಿದಳು. "ಎಷ್ಟು ಚಂದ ಹಾಕಿದೀಯ. ಇವತ್ತು ಆಫೀಸಲ್ಲಿ ಎಲ್ಲರಿಗೂ ಹೇಳ್ದೆ, ನನ್ನ ಮಗಳು ಕಂಪ್ಯೂಟರಿಗೂ ಬೈಂಡ್ ಹಾಕಿದಾಳೆ ಅಂತ. ಅಷ್ಟು ಪ್ರೀತಿ ಅದರ ಮೇಲೆ." ಆಮೇಲೆ ಎಚ್ಚರಿಸಿದಳು. "ವೈರು ಎಳೆಯುವಾಗ ಹುಷಾರು, ಹಾಳೆ ಹರಿದೀತು."

ಲೆಕ್ಕ ಬರೆದಿಡಲು ಜೀರು ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆ ತೆಗೆದಳು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ಅಮ್ಮನ ನಿಯಮ. ಹೊತ್ತು ನೋಡುವ ಕೆಲಸ ಅಜ್ಜಿಯದು. ಅಜ್ಜಿ ಗೋಡೆ ಗಡಿಯಾರದ ಎದುರಿಗೆ ಮಂಚ ತಿರುಗಿಸಿಕೊಂಡು ಅಂಪೈರಿನ ಹಾಗೆ ಕುಳಿತಳು.

ಸೋಮವಾರ ಬೇರೆ ಪ್ಲಗ್ಗಿಗೆ ಹಾಕಿದರು. ಇಪ್ಪತ್ಮೂರು ನಿಮಿಷಕ್ಕೆ 'ಟಕ್'.

"ಔಟ್!" ಎಂದಳು ಅಜ್ಜಿ.

ಆಫ್ ಮಾಡದೆ ಹಾಗೇ ಬಿಟ್ಟರು. ಆರೇ ನಿಮಿಷಕ್ಕೆ ಮತ್ತೆ ಟಕ್.

ಮಂಗಳವಾರ ಜೆರಾಕ್ಸ್ ಅಂಗಡಿ ಅಕ್ಕನ ಹತ್ತಿರ ಬೇರೆ ಕರೆಂಟ್ ವೈರು ಕೇಳಿ ತಂದರು. ಇಪ್ಪತ್ತೆರಡು ನಿಮಿಷ.

ಬುಧವಾರ ಸ್ಪೀಕರ್ ಬಿಚ್ಚಿಟ್ಟರು. ಇಪ್ಪತ್ತನಾಲ್ಕು.

ಗುರುವಾರ ಏನನ್ನೂ ಬದಲಾಯಿಸಲಿಲ್ಲ. ಆದರೂ ಮೂವತ್ತೊಂದು ನಿಮಿಷ ಓಡಿತು. ಅಂದು ಸಂಜೆ ಮೋಡ ಕವಿದು ತಣ್ಣನೆ ಗಾಳಿ ಬೀಸುತ್ತಿತ್ತು.

ಅಮ್ಮ ಪಾತ್ರೆ ತೊಳೆಯಲು ಎದ್ದಳು. ಜೀರು ಲೆಕ್ಕದ ಹಾಳೆಯನ್ನೇ ನೋಡುತ್ತಾ ಕುಳಿತಳು. ತಣ್ಣಗಿದ್ದರೆ ಜಾಸ್ತಿ ಹೊತ್ತು. ಒಂದರ ಹಿಂದೆ ಒಂದು ಓಡಿಸಿದರೆ ಕಡಿಮೆ ಹೊತ್ತು. ಅವಳು ಮೆಲ್ಲಗೆ ಬೈಂಡಿನ ಮೇಲೆ ಅಂಗೈ ಇಟ್ಟಳು.

ಜ್ವರ ಬಂದವರ ಹಣೆಯ ಹಾಗೆ ಸುಡುತ್ತಿತ್ತು.

ಅವಳಿಗೆ ಎಲ್ಲ ಗೊತ್ತಾಯಿತು. ಒಂದೇ ಎಳೆತಕ್ಕೆ ಹಾಳೆ ಹರಿದುಬಿಡಬಹುದಿತ್ತು. ಅವಳು ಅಂಚಿಗೆ ಉಗುರನ್ನೂ ಹಾಕಿದಳು. ಆದರೆ ಹಾಳೆಯ ಅಡಿಯಲ್ಲಿ ಆ ಮೂರು ಅಕ್ಷರಗಳು ಕಾಯುತ್ತಿದ್ದವು. ಭಾನುವಾರ ಉದ್ದಣ್ಣ ಬರುತ್ತಾನೆ. ಸೋಮವಾರದ ಹೊತ್ತಿಗೆ ಇಡೀ ಕ್ಲಾಸಿಗೆ ಗೊತ್ತಾಗಿರುತ್ತದೆ.

ಉಗುರು ತೆಗೆದಳು. ಜಾಮಿಟ್ರಿ ಬಾಕ್ಸಿನಿಂದ ಕೈವಾರ ತಂದು, ಅದರ ಮುಳ್ಳಿನಿಂದ ಹಾಳೆಗೆ ಚುಚ್ಚತೊಡಗಿದಳು. ಒಂದು, ಎರಡು, ಹತ್ತು, ಐವತ್ತು. ಯಾರಿಗೂ ಕಾಣದಷ್ಟು ಸಣ್ಣ ತೂತುಗಳು. ಗಾಳಿ ಹೋದರೂ ಹೋಗಬಹುದು, ಅಕ್ಷರವಂತೂ ಕಾಣಿಸುವುದಿಲ್ಲ.

ಶುಕ್ರವಾರ ಇಪ್ಪತ್ತೈದು ನಿಮಿಷಕ್ಕೆ ಟಕ್.

"ಸಾಕು," ಎಂದು ಅಮ್ಮ ಎದ್ದು ನಿಂತಳು. ಅವಳ ಕಣ್ಣು ಕೆಂಪಾಗಿತ್ತು. "ನನಗೀಗ ಅರ್ಥವಾಯ್ತು. ಹನ್ನೊಂದರಲ್ಲಿ ಕೆಟ್ಟುಹೋಗಿದ್ದನ್ನೇ ಆರಿಸಿ ನನ್ನ ತಲೆಗೆ ಕಟ್ಟಿದಾರೆ. ಕಸ ಗುಡಿಸೋಳಿಗೆ ಇಷ್ಟು ಸಾಕು ಅಂತ. ಎಲ್ಲರೂ ಅಷ್ಟೇ ಅಂದ್ಕೋ, ವೈರಣ್ಣನೂ ಹಂಗೇ ಮಾಡೋದಾ? ನಾಳೆ ಮಧ್ಯಾಹ್ನ ಇಲ್ಲಿಗೇ ಕರಕೊಂಡು ಬರ್ತೀನಿ. ಕಣ್ಣಾರೆ ನೋಡಲಿ. ಆಮೇಲೆ ಮುಖದ ಮೇಲೆ ಹೊಡೆದ ಹಾಗೆ ಕೇಳ್ತೀನಿ."

"ಬೇಡಮ್ಮಾ," ಎಂದಳು ಜೀರು.

"ಯಾಕೆ ಬೇಡ? ಬಡವರು ಬಾಯಿ ಮುಚ್ಚಿಕೊಂಡಿರೋದಕ್ಕೇ ಎಲ್ಲರೂ ಹೀಗೆ ಮಾಡೋದು."

ಜೀರು ಬಾಯಿ ಮುಚ್ಚಿಕೊಂಡಳು.

ಶನಿವಾರ ಮಧ್ಯಾಹ್ನ ವೈರಣ್ಣ ಬಂದರು. ಕೊರಳಲ್ಲಿ ಹಳದಿ ವೈರು, ಕೈಯಲ್ಲಿ ಸಣ್ಣ ಚೀಲ. ಬಾಗಿಲಲ್ಲಿ ತಲೆ ಬಗ್ಗಿಸಿ, "ನೀನೇನಾ ಜೀರುಂಡೆ? ನಿಮ್ಮಮ್ಮ ನಿನ್ನ ಸುದ್ದಿ ಹೇಳದ ದಿನ ಇಲ್ಲ," ಎಂದು ನಕ್ಕರು. ಜೀರು ನಗಲಿಲ್ಲ.

ಅವರು ಕೂರುವ ಮೊದಲೇ ಅಮ್ಮ ಶುರು ಮಾಡಿದಳು. ಮನಸ್ಸಿನಲ್ಲಿದ್ದ ಎಲ್ಲವನ್ನೂ ಹೇಳಿದಳು. ಒಂಬತ್ತು ವರ್ಷ ದುಡಿದದ್ದು, ಮ್ಯಾನೇಜರು ನಕ್ಕದ್ದು, ಕೆಟ್ಟದ್ದನ್ನೇ ಆರಿಸಿ ಕೊಟ್ಟದ್ದು. "ಬೇರೆಯವರು ಮಾಡಿದ್ರೆ ನನಗೆ ಬೇಜಾರಿರಲಿಲ್ಲ ಅಣ್ಣಾ. ನಿಮ್ಮನ್ನ ನಂಬಿದ್ದೆ."

ವೈರಣ್ಣನ ನಗು ಮಾಯವಾಯಿತು. ಅವರು ಚೀಲವನ್ನು ನೆಲದ ಮೇಲಿಟ್ಟರು.

"ಅಕ್ಕಾ, ಈ ಡಬ್ಬ ಒಂದು ಡಬ್ಬವಲ್ಲ. ಮೂರು ಡಬ್ಬದ ಒಳ್ಳೊಳ್ಳೇ ಪಾರ್ಟು ಬಿಚ್ಚಿ ಇದಕ್ಕೆ ಹಾಕಿದೀನಿ. ಡ್ಯೂಟಿ ಮುಗಿದ ಮೇಲೆ ಎರಡು ಸಂಜೆ ಕೂತಿದ್ದೆ." ತಲೆ ತಗ್ಗಿಸಿ, "ಆದರೂ ನನ್ನಿಂದಲೇ ಏನೋ ತಪ್ಪಾಗಿರಬಹುದು. ನೋಡ್ತೀನಿ," ಎಂದರು.

ದೊಡ್ಡವರೊಬ್ಬರು ಹಾಗೆ ತಲೆ ತಗ್ಗಿಸಿದ್ದನ್ನು ಜೀರು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅವರ ಕಿವಿಯೂ ಕೆಂಪಾಗಿತ್ತು. ಬೈಸಿಕೊಂಡರೆ ದೊಡ್ಡವರ ಕಿವಿಯೂ ಬಿಸಿಯಾಗುತ್ತದೆಯೇ?

ವೈರಣ್ಣ ಡಬ್ಬದ ಮುಂದೆ ಮಂಡಿಯೂರಿದರು. ಲೇಬಲ್ಲು ಓದಿದರು. ಹಾಳೆಯ ಮೇಲೆ ಕೈಯಾಡಿಸಿದರು. ಬೆರಳು ಒಂದು ಕಡೆ ನಿಂತಿತು. ಅಲ್ಲಿ ಕೈವಾರದ ಮುಳ್ಳಿನ ತೂತುಗಳಿದ್ದವು, ಗುಂಡಗೆ, ಒಳಗಿನ ಜರಡಿ ಎಲ್ಲಿತ್ತೋ ಸರಿಯಾಗಿ ಅಲ್ಲೇ.

ಅವರು ತಿರುಗಿ ಜೀರುವನ್ನು ನೋಡಿದರು. ಬೈಯುವ ನೋಟವಲ್ಲ. ಬಸ್‌ಸ್ಟಾಪಿನಲ್ಲಿ ಬಸ್ಸಿಗೆ ಕಾಯುವ ಹಾಗೆ ಸುಮ್ಮನೆ ಕಾಯುವ ನೋಟ.

"ಒಂದೇ ಪ್ರಶ್ನೆ," ಎಂದರು. "ಯಾವತ್ತಿಂದ ಹೀಗೆ? ಅದಕ್ಕೆ ಮುಂಚೆ ಏನು ಬದಲಾಯ್ತು?"

"ಅದನ್ನ ನಾನು ಮೊದಲನೇ ದಿನವೇ ಕೇಳಿದೆ," ಎಂದಳು ಅಮ್ಮ. "ಏನೂ ಇಲ್ಲ ಅಂದಳು. ನನ್ನ ಮಗಳು ಸುಳ್ಳು ಹೇಳೋಳಲ್ಲ. ಹಾಳೆ ಹರೀಬೇಡಿ ಅಣ್ಣಾ, ಮಗು ಪ್ರೀತಿಯಿಂದ ಹಾಕಿರೋದು."

ಗಡಿಯಾರದ ಸದ್ದು ಕೇಳಿಸುತ್ತಿತ್ತು. ಅಜ್ಜಿ ಜೀರುವಿನ ಕಡೆ ತಿರುಗಿದಳು.

"ಪ್ರೀತಿಯಿಂದ ಅಲ್ಲ," ಎಂದಳು ಜೀರು.

ದನಿ ಎಷ್ಟು ಸಣ್ಣದಿತ್ತೆಂದರೆ ಅಮ್ಮ, "ಏನು?" ಎಂದಳು.

"ಪ್ರೀತಿಯಿಂದ ಹಾಕಿದ್ದಲ್ಲ ಅಮ್ಮಾ. ಆ ಅಕ್ಷರ ಕಾಣಬಾರದು ಅಂತ ಹಾಕಿದ್ದು. ಬೈಂಡ್ ಹಾಕಿದ ಮಾರನೇ ದಿನದಿಂದಾನೇ ಹೀಗೆ. ಗುರುವಾರ ನನಗೆ ಗೊತ್ತಾಯ್ತು. ಹೇಳಲಿಲ್ಲ."

"ಯಾರಿಗೆ ಕಾಣಬಾರದು ಅಂತ?"

ಜೀರು ಕಿಟಕಿಯ ಹಗ್ಗದ ಕಡೆ ನೋಡಿದಳು. ಅಮ್ಮ ಅವಳನ್ನೇ ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಅಮ್ಮನ ಮುಖದಲ್ಲಿ ಏನೋ ನಿಧಾನವಾಗಿ ಇಳಿಯಿತು.

"ನನ್ನ ಯೂನಿಫಾರ್ಮು," ಎಂದಳು ಅಮ್ಮ. "ಅದೂ ಗಾಳಿಗೆ ಹಾರಿದ್ದಲ್ಲ ಅಲ್ವಾ?"

ಜೀರು ಅಲ್ಲ ಎಂದು ತಲೆ ಅಲ್ಲಾಡಿಸಿದಳು.

ಅಮ್ಮ ಹೊಡೆಯುತ್ತಾಳೆ ಎಂದುಕೊಂಡಳು. ಕೂಗುತ್ತಾಳೆ ಎಂದುಕೊಂಡಳು. ಅಮ್ಮ ಎರಡೂ ಮಾಡಲಿಲ್ಲ. ವೈರಣ್ಣನ ಕಡೆ ತಿರುಗಿ, ಕೈ ಜೋಡಿಸಿ, "ತಪ್ಪಾಯ್ತು ಅಣ್ಣಾ. ಏನೇನೋ ಅಂದುಬಿಟ್ಟೆ," ಎಂದಳು.

ಮ್ಯಾನೇಜರ ಮುಂದೆಯೂ ತಗ್ಗದ ಅಮ್ಮನ ತಲೆ ಈಗ ತಗ್ಗಿತ್ತು. ಜೀರುವಿಗೆ ಅಲ್ಲಿ ನಿಲ್ಲಲು ಆಗಲಿಲ್ಲ, ಹೋಗಲೂ ಆಗಲಿಲ್ಲ. ಒಂದೇ ಕೋಣೆಯ ಮನೆ. ಓಡಿ ಬಚ್ಚಿಟ್ಟುಕೊಳ್ಳಲು ಎಲ್ಲಿದೆ ಜಾಗ?

"ಅಯ್ಯೋ ಕೈ ಬಿಡಿ ಅಕ್ಕಾ," ಎಂದರು ವೈರಣ್ಣ. "ಮನುಷ್ಯನಿಗೆ ಸಿಟ್ಟು ಬರಲೇಬೇಕು. ಬಾರಮ್ಮಾ ಜೀರುಂಡೆ, ಹಾಕಿದವಳೇ ತೆಗಿ."

ಜೀರು ಟೇಪು ಕಿತ್ತಳು. ಹಾಳೆ ಸುಲಿದಳು. ಗು. ಜ. ರಿ.

ಅವರಿಗೆ ತೋರಿಸಲೆಂದು ಅಮ್ಮ ಬೆಳಗಿನಿಂದ ಓಡಿಸಿಟ್ಟಿದ್ದ ಕಂಪ್ಯೂಟರನ್ನು ವೈರಣ್ಣ ಆಫ್ ಮಾಡಿ, ಎರಡು ಸ್ಕ್ರೂ ಬಿಚ್ಚಿ ಪಕ್ಕದ ತಗಡನ್ನು ಕಳಚಿದರು. ಒಳಗಿನಿಂದ ಬಿಸಿ ಗಾಳಿ ಮುಖಕ್ಕೆ ಬಡಿಯಿತು. "ಇಲ್ನೋಡು, ಈ ಫ್ಯಾನು ತಣ್ಣನೆ ಗಾಳಿ ಎಳಕೋಬೇಕು, ಆ ಫ್ಯಾನು ಬಿಸಿ ಗಾಳಿ ಹೊರಗೆ ಹಾಕಬೇಕು. ಎರಡೂ ಕಡೆ ನೀನು ಬಾಗಿಲು ಹಾಕಿದ್ದೆ. ಬಿಸಿ ಜಾಸ್ತಿ ಆದರೆ ಸುಟ್ಟುಹೋಗೋ ಮುಂಚೆ ತಾನೇ ಆಫ್ ಆಗಿ ಮತ್ತೆ ಶುರುವಾಗುತ್ತೆ. ಜೀವ ಉಳಿಸಿಕೊಳ್ಳೋಕೆ ಅದು ಮಾಡೋ ಉಪಾಯ."

ಜೀರು ಒಳಗೆ ಇಣುಕಿದಳು. ಹಳೆಯ ಡಬ್ಬದೊಳಗೆ ಒಂದು ಎಳೆ ಧೂಳೂ ಇರಲಿಲ್ಲ.

"ಅದು ನಿಮ್ಮಮ್ಮನ ಕೆಲಸ," ಎಂದರು ವೈರಣ್ಣ. "ನಾನು ಪಾರ್ಟು ಜೋಡಿಸುವಾಗ ಪಕ್ಕದಲ್ಲಿ ಕೂತು, ಪೇಂಟಿಂಗ್ ಬ್ರಶ್ಶಿನಿಂದ ಒಂದೊಂದು ಸಂದೂ ಗುಡಿಸಿದ್ರು. ಹೊಸ ಕಂಪ್ಯೂಟರೂ ಇಷ್ಟು ಕ್ಲೀನಾಗಿರಲ್ಲ."

ಅವರು ಹೋದ ಮೇಲೆ ಅಮ್ಮ ಕಂದು ಹಾಳೆಯನ್ನು ನೀಟಾಗಿ ಮಡಿಸಿ ಕಪಾಟಿನಲ್ಲಿಟ್ಟಳು. "ಚೆನ್ನಾಗಿರೋ ಹಾಳೆ. ಪುಸ್ತಕಕ್ಕೆ ಆಗುತ್ತೆ," ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಭಾನುವಾರ ಬೆಳಿಗ್ಗೆ ಜೀರು ಏಳುವಷ್ಟರಲ್ಲಿ ಅಮ್ಮ ಮೇಜನ್ನು ಒರೆಸಿ ಮುಗಿಸಿದ್ದಳು. ಸಿಪಿಯು ಡಬ್ಬ ತಿರುಗಿ ಕೂತಿತ್ತು. ಕೆಂಪು ಅಕ್ಷರದ ಪಕ್ಕ ಈಗ ಗೋಡೆಯ ಕಡೆಗಿತ್ತು. ಗೋಡೆಗೂ ಡಬ್ಬಕ್ಕೂ ನಡುವೆ ಗಾಳಿ ಆಡಲು ನಾಲ್ಕು ಬೆರಳು ಜಾಗ ಬಿಟ್ಟಿದ್ದಳು. ಈ ಕಡೆಯಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ.

ಅಮ್ಮ ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದಳು. "ನಿನ್ನ ಸ್ನೇಹಿತರು ಬರೋ ಹೊತ್ತಾಯ್ತು. ನಾನು ಮಾರ್ಕೆಟ್ಟಿಗೆ ಹೋಗಿ ಬರ್ತೀನಿ."

"ನಿನ್ನೆ ತಾನೇ ತರಕಾರಿ ತಂದ್ಯಲ್ಲ?"

"ಏನಾದರೂ ಇದ್ದೇ ಇರುತ್ತೆ ತರೋದಕ್ಕೆ," ಎಂದಳು ಅಮ್ಮ, ಚಪ್ಪಲಿ ನೋಡುತ್ತಾ.

ಜೀರು ಕಿಟಕಿಯ ಕಡೆ ನೋಡಿದಳು. ಹಗ್ಗ ಖಾಲಿ ಇತ್ತು. ಬಚ್ಚಲ ಬಾಗಿಲು ತಳ್ಳಿದಳು. ಒಳಗೆ, ಬಕೆಟ್ಟಿನ ಮೇಲೆ, ಗಾಳಿಯೂ ಬಿಸಿಲೂ ಇಲ್ಲದ ಮೂಲೆಯಲ್ಲಿ, ನೀಲಿ ಯೂನಿಫಾರ್ಮಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ನಾಳೆಯೂ ಅದು ಒಣಗುವುದಿಲ್ಲ. ನಾಳೆಯೂ ಅಮ್ಮ ಬೆನ್ನಿನಿಂದ ಬಟ್ಟೆ ಬಿಡಿಸಿಕೊಳ್ಳುತ್ತಾ ಬಸ್ಸಿಗೆ ನಡೆಯುತ್ತಾಳೆ.

ಈ ಸಲ ಬಚ್ಚಿಟ್ಟವಳು ಜೀರು ಅಲ್ಲ. ಅಮ್ಮನೇ.

ಅವಳು ಯೂನಿಫಾರ್ಮನ್ನು ತೆಗೆದು, ಹಿಂಡಿ, ಎರಡು ಸಲ ಜೋರಾಗಿ ಕೊಡವಿ, ಕಿಟಕಿಯ ಹಗ್ಗಕ್ಕೆ ಹಾಕಿದಳು. ಆಮೇಲೆ ಮೇಜಿನ ಹತ್ತಿರ ಹೋಗಿ ಎರಡೂ ಕೈಯಿಂದ ಡಬ್ಬವನ್ನು ಹಿಡಿದು ತಿರುಗಿಸಿದಳು. ಭಾರವಾಗಿತ್ತು.

"ಅಮ್ಮಾ, ಹೋಗಬೇಡ."

"ಯಾಕೆ?"

"ಇರುವೆ ಬಗ್ಗೆ ನಮಗೆ ಎರಡೇ ಪುಟ ಗೊತ್ತಿರೋದು. ನಿನ್ನ ಆಫೀಸಲ್ಲಿ ಇರುವೆ ಎಲ್ಲಿಂದ ಬರುತ್ತೆ, ಎಲ್ಲಿ ಹೋಗುತ್ತೆ ಅಂತ ನಿನಗೆ ಗೊತ್ತು ತಾನೇ?"

"ಮೂರನೇ ಮಹಡಿದಾ? ಚಹಾ ಮೆಷಿನ್ನಿಂದ ಲಿಫ್ಟಿನ ಸಂದಿಗೆ. ಅವು ದಾಟೋವರೆಗೂ ನಾನು ಒರೆಸೋ ಬಟ್ಟೆ ಹಾಕಲ್ಲ," ಎಂದಳು ಅಮ್ಮ. ಹೇಳಿದ ಮೇಲೆ ಚೀಲವನ್ನು ಮೊಳೆಗೆ ತಗುಲಿಹಾಕಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಗೆಳೆಯರಿಬ್ಬರ ಚಪ್ಪಲಿ ಸದ್ದು. ಉದ್ದಣ್ಣ ಒಳಗೆ ಕಾಲಿಡುತ್ತಲೇ ಓದಿದ, "ಗು... ಜ... ರಿ! ಏನೇ ಇದು, ಗುಜರಿ ಅಂತ ಬರೆದಿದೆ?"

ಜೀರುವಿನ ಕಿವಿ ಮತ್ತೆ ಬಿಸಿಯಾಯಿತು. ಕೆನ್ನೆಯೂ. ಅದು ಅಷ್ಟು ಸುಲಭಕ್ಕೆ ತಣ್ಣಗಾಗುವ ಹಾಗೆ ಕಾಣಲಿಲ್ಲ.

"ಅಮ್ಮನ ಆಫೀಸಿನವರು ಬರೆದಿದ್ದು," ಎಂದಳು. "ಅಮ್ಮ ಅಲ್ಲಿ ಕಸ ಗುಡಿಸೋದು, ನೆಲ ಒರೆಸೋದು. ಇದನ್ನ ಗುಜರಿಗೆ ಹಾಕ್ತಿದ್ರು. ಅಮ್ಮ ಕೇಳಿ ತಂದಳು."

ಉದ್ದಣ್ಣ ಡಬ್ಬ ನೋಡಿದ. ಕಿಟಕಿಯ ನೀಲಿ ಬಟ್ಟೆ ನೋಡಿದ. ಅಮ್ಮನನ್ನು ನೋಡಿ, "ನಮಸ್ಕಾರ ಆಂಟಿ," ಎಂದ. ಡಬ್ಬದ ಹತ್ತಿರ ಬಂದು, "ಬಿಕ್ಕಳಿಕೆ ನಿಂತಿದ್ಯಾ?" ಎಂದು ಕೇಳಿದ.

"ನೋಡೋಣ, ಕೂತ್ಕೊಳ್ಳಿ," ಎಂದಳು ಅಜ್ಜಿ, ಗಡಿಯಾರದ ಕಡೆ ಮಂಚ ತಿರುಗಿಸುತ್ತಾ.

ಕನ್ನಡಕ ಓದಿ ಹೇಳಿದಳು, ಜೀರು ಟೈಪ್ ಮಾಡಿದಳು. ನಡುವೆ ಅಮ್ಮ ಮೂರನೇ ಮಹಡಿಯ ಇರುವೆಗಳ ದಾರಿಯನ್ನು ಮೇಜಿನ ಮೇಲೆ ಬೆರಳಿನಿಂದ ಬರೆದು ತೋರಿಸಿದಳು. ಪ್ರತಿ ಸಾಲಿಗೂ ಉದ್ದಣ್ಣ, "ಸೇವ್!" ಎಂದು ಕೂಗುತ್ತಿದ್ದ.

"ಇಪ್ಪತ್ತೈದು," ಎಂದಳು ಅಜ್ಜಿ. ಸ್ವಲ್ಪ ಹೊತ್ತಾದ ಮೇಲೆ, "ನಲವತ್ತು." ಆಮೇಲೆ ಲೆಕ್ಕ ಬಿಟ್ಟು ನಿದ್ದೆ ಹೋದಳು.

ಜೀರು ಟೈಪ್ ಮಾಡುವುದನ್ನು ನಿಲ್ಲಿಸಿ ಒಂದು ಸಲ ತೂತುಗಳ ಮುಂದೆ ಅಂಗೈ ಹಿಡಿದು ನೋಡಿದಳು. ಒಳಗಿನ ಫ್ಯಾನು ಗಾಳಿಯನ್ನು ಮೆಲ್ಲಗೆ ಎಳೆದುಕೊಳ್ಳುತ್ತಿತ್ತು. ಕಿಟಕಿಯಲ್ಲಿ ಯೂನಿಫಾರ್ಮಿನ ತೋಳು ಗಾಳಿಗೆ ಎದ್ದು ಎದ್ದು ಇಳಿಯುತ್ತಿತ್ತು. ಅವಳು ಎದ್ದು ಹೋಗಿ ಅದರ ಅಂಚನ್ನು ಮುಟ್ಟಿ ನೋಡಿದಳು.

ಅರ್ಧ ಒಣಗಿತ್ತು. ಸಂಜೆಯೊಳಗೆ ಪೂರ್ತಿ ಒಣಗಬಹುದು. ಹಾರಿಹೋಗದಂತೆ ಒಂದು ಕ್ಲಿಪ್ಪು ಸಿಕ್ಕಿಸಿ ಬಂದು ಕುಳಿತಳು.